ಹಳೆ ಕಾಲದ ದನಿಯ ಟ್ಯೂಬ್ ಆಂಪ್: ಟ್ವೀಡ್, ಬ್ಲ್ಯಾಕ್‌ಫೇಸ್, ವಾಕ್ಸ್, ಮಾರ್ಷಲ್ ಪೈಕಿ ನಿಮಗೆ ಯಾವುದು?

ಎಲೆಕ್ಟ್ರಿಕ್ ಗಿಟಾರ್ ಹಿಡಿದವರು ಒಂದಲ್ಲ ಒಂದು ದಿನ ಟ್ಯೂಬ್ ಆಂಪ್ (ಗಾಜಿನ ಟ್ಯೂಬ್‌ಗಳಿಂದ ಗಿಟಾರ್‌ನ ಸದ್ದು ದೊಡ್ಡದು ಮಾಡುವ ಆಂಪ್ಲಿಫೈಯರ್) ಕಡೆ ತಿರುಗಿಯೇ ತಿರುಗುತ್ತಾರೆ. ಡಿಜಿಟಲ್ ಆಂಪ್‌ಗಳು, ಮೊಬೈಲ್ ಆಪ್‌ಗಳು ಈಗ ತುಂಬಾ ಚೆನ್ನಾಗಿವೆ. ಆದರೂ 1950–60ರ ವಿನ್ಯಾಸದ, ಮೂರೋ ನಾಲ್ಕೋ ನಾಬ್ ಇರುವ, ಭಾರವಾದ, ಬಿಸಿಯಾಗುವ ಪೆಟ್ಟಿಗೆಗೆ ಜನ ಮನಸೋಲುತ್ತಲೇ ಇದ್ದಾರೆ. ಅದು ಬರೀ ಹಳೆಯದರ ಮೇಲಿನ ಮೋಹ ಅಲ್ಲ. ಇಂಥ ಆಂಪ್ ನಿಮ್ಮ ಕೈಯ ಮಾತು ಕೇಳುತ್ತದೆ. ಮೆಲ್ಲಗೆ ಮೀಟಿದರೆ ದನಿ ತಿಳಿಯಾಗಿರುತ್ತದೆ, ಒತ್ತಿ ಮೀಟಿದರೆ ಗೊರಗೊರ ಶುರುವಾಗುತ್ತದೆ. ದನಿ ಬದಲಿಸುವ ಪೆಡಲ್ ತುಳಿಯದೆ, ಯಾವ ನಾಬನ್ನೂ ಮುಟ್ಟದೆ, ಬಲಗೈಯಿಂದಲೇ ಇಷ್ಟು ಬಣ್ಣ ತೆಗೆಯಬಹುದು.

ಆದರೆ ಒಂದು ಷರತ್ತು ಇದೆ. ಪ್ರತಿ ಆಂಪ್‌ಗೂ ಒಂದು ಸದ್ದಿನ ಮಟ್ಟ ಇರುತ್ತದೆ. ಆ ಮಟ್ಟ ಮುಟ್ಟಿದಾಗ ಮಾತ್ರ ಅದರ ನಿಜವಾದ ಗುಣ ಹೊರಬರುತ್ತದೆ. ಹಾಗಾಗಿ ಆಂಪ್ ಆರಿಸುವಾಗ ಬ್ರ್ಯಾಂಡಿನ ಪ್ರಶ್ನೆ ಆಮೇಲೆ. ನೀವು ಎಲ್ಲಿ ನುಡಿಸುತ್ತೀರಿ, ಎಷ್ಟು ಜೋರಾಗಿ ನುಡಿಸಬಹುದು ಎಂಬುದೇ ಮೊದಲ ಪ್ರಶ್ನೆ. ಈ ಬರಹವನ್ನು ಅದೇ ಕಣ್ಣಿನಿಂದ ಬರೆದಿದ್ದೇನೆ.

ಗಾಜಿನೊಳಗೆ ಏನಾಗುತ್ತದೆ

ಟ್ಯೂಬ್ ಅಂದರೆ ಗಾಳಿ ತೆಗೆದ ಗಾಜಿನ ಬುರುಡೆ. ನಮ್ಮ ಅಜ್ಜಂದಿರ ವಾಲ್ವ್ ರೇಡಿಯೋದಲ್ಲಿ ಇದ್ದದ್ದೂ ಇದೇ. ಒಳಗಿನ ಫಿಲಮೆಂಟ್ ಕಾದಾಗ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಡುತ್ತವೆ. ಎದುರಿನ ಪ್ಲೇಟ್‌ಗೆ ಕೊಟ್ಟಿರುವ 300–400 ವೋಲ್ಟ್ ಅವನ್ನು ಎಳೆದುಕೊಳ್ಳುತ್ತದೆ. ನಡುವೆ ಗ್ರಿಡ್ ಎಂಬ ತಂತಿಯ ಜಾಲರಿ. ಗಿಟಾರ್‌ನ ಪುಟ್ಟ ಸಿಗ್ನಲ್ ಆ ಜಾಲರಿಗೆ ಬಂದಾಗ ಎಲೆಕ್ಟ್ರಾನ್‌ಗಳ ಹರಿವು ಅದರ ಕುಣಿತಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಆಗುತ್ತದೆ. ಹೀಗೆ ಸಣ್ಣದು ದೊಡ್ಡದಾಗುತ್ತದೆ.

ಸಿಗ್ನಲ್ ಮಿತಿ ಮೀರಿದಾಗಿನ ಕಥೆಯೇ ನಮಗೆ ಮುಖ್ಯ. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ ಮಿತಿಯವರೆಗೆ ಶುದ್ಧವಾಗಿದ್ದು, ಆಮೇಲೆ ಅಲೆಯ ತಲೆಯನ್ನು ಚಕ್ಕನೆ ಕತ್ತರಿಸುತ್ತದೆ. ಹಳೆ ವಿನ್ಯಾಸದ ಟ್ಯೂಬ್ ಆಂಪ್ ಮಿತಿ ಬರುವ ಮುಂಚೆಯೇ ಅಲೆಯನ್ನು ನಿಧಾನವಾಗಿ ಬಾಗಿಸಲು ಶುರು ಮಾಡುತ್ತದೆ. ಕ್ಲೀನ್ (ತಿಳಿಯಾದ ದನಿ) ಎಲ್ಲಿ ಮುಗಿಯಿತು, ಡಿಸ್ಟಾರ್ಶನ್ (ಒಡೆದ ದನಿ) ಎಲ್ಲಿ ಶುರುವಾಯಿತು ಅಂತ ಗೆರೆ ಎಳೆದು ತೋರಿಸಲು ಆಗುವುದಿಲ್ಲ. ಆ ಗೆರೆ ಇಲ್ಲದ ಜಾಗದಲ್ಲೇ ಬ್ಲೂಸ್ ಮತ್ತು ರಾಕ್ ಗಿಟಾರ್‌ನ ಅರ್ಧ ಸೊಬಗು ಇದೆ.

ಇನ್ನೊಂದು ಸಂಗತಿ ಕೈಗೆ ನೇರವಾಗಿ ತಾಗುತ್ತದೆ. ಗಿಟಾರಿಸ್ಟ್‌ಗಳು ಅದನ್ನು ‘ಸ್ಯಾಗ್’ ಅನ್ನುತ್ತಾರೆ. ಹಳೆ ಆಂಪ್‌ಗಳಲ್ಲಿ ಹೆಚ್ಚಾಗಿ ಎಸಿಯನ್ನು ಡಿಸಿ ಮಾಡುವ ಕೆಲಸವೂ ಒಂದು ಟ್ಯೂಬಿನದೇ. ನೀವು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಒಂದನ್ನು ಜೋರಾಗಿ ಬಾರಿಸಿದಾಗ ಸ್ಪೀಕರ್ ಓಡಿಸುವ ಪವರ್ ಟ್ಯೂಬ್‌ಗಳು ಒಮ್ಮೆಲೇ ಜಾಸ್ತಿ ಕರೆಂಟ್ ಕೇಳುತ್ತವೆ. ಮನೆಯಲ್ಲಿ ಎಲ್ಲಾ ನಲ್ಲಿ ಒಟ್ಟಿಗೆ ತಿರುಗಿಸಿದರೆ ನೀರಿನ ಒತ್ತಡ ಇಳಿಯುತ್ತದಲ್ವಾ, ಹಾಗೆ ಒಳಗಿನ ವೋಲ್ಟೇಜ್ ಒಂದು ಕ್ಷಣ ಕುಸಿದು ಮತ್ತೆ ಮೇಲೇಳುತ್ತದೆ. ಕಿವಿಗೆ ಅದು ಮೊದಲ ಏಟು ಮೆತ್ತಗಾಗಿ, ಆಮೇಲೆ ಸ್ವರ ಅರಳಿದಂತೆ ಕೇಳಿಸುತ್ತದೆ. ಸ್ಯಾಗ್ ಎಷ್ಟು ಎಂಬುದು ಆಂಪ್‌ನಿಂದ ಆಂಪ್‌ಗೆ ಬೇರೆ. ಕೆಳಗಿನ ನಾಲ್ಕು ಮನೆತನಗಳ ವ್ಯತ್ಯಾಸದಲ್ಲಿ ಇದರ ಪಾಲು ದೊಡ್ಡದು.

ಟ್ವೀಡ್

ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಲಿಯೋ ಫೆಂಡರ್ 1950ರ ದಶಕದಲ್ಲಿ ಮಾಡಿದ ಆಂಪ್‌ಗಳಿಗೆ ಹಳದಿ ಬಣ್ಣದ ಒರಟು ಹತ್ತಿ ಬಟ್ಟೆಯ ಹೊದಿಕೆ ಇರುತ್ತಿತ್ತು. ಟ್ವೀಡ್ ಎಂಬ ಹೆಸರು ಅದರಿಂದ ಬಂತು. ಈ ಗುಂಪಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು 1955ರಿಂದ 1960ರವರೆಗೆ ಬಂದ ಡಿಲಕ್ಸ್. ಸರ್ಕ್ಯೂಟ್ ನಂಬರ್ 5ಇ3. ಎರಡು 6ವಿ6 ಪವರ್ ಟ್ಯೂಬ್, 12 ಇಂಚಿನ ಒಂದು ಸ್ಪೀಕರ್, ಸುಮಾರು 12 ವ್ಯಾಟ್. ಎರಡು ವಾಲ್ಯೂಮ್, ಒಂದು ಟೋನ್. ಮುಗಿಯಿತು.

ಇದರಲ್ಲಿ ನೆಗೆಟಿವ್ ಫೀಡ್‌ಬ್ಯಾಕ್ ಇಲ್ಲ, ಅಂದರೆ ತಪ್ಪುಗಳನ್ನು ತಿದ್ದಿಕೊಳ್ಳುವ ಸರ್ಕ್ಯೂಟ್ ಇಲ್ಲ. ಡಿಸಿ ಮಾಡುವ ಟ್ಯೂಬ್ 5ವೈ3, ಅದು ಬೇಗ ಕುಸಿಯುವಂಥದ್ದು. ಎರಡೂ ಸೇರಿ ಈ ಆಂಪ್‌ನ ದನಿ ತುಂಬಾ ಬೇಗ ಒಡೆಯುತ್ತದೆ. ವಾಲ್ಯೂಮ್ ಕಾಲುಭಾಗ ದಾಟಿದರೆ ಸಾಕು, ಗೊರಗೊರ ಶುರು. ಪೂರ್ತಿ ತಿರುಗಿಸಿದರೆ ದಟ್ಟವಾದ, ಕೂದಲು ನಿಮಿರಿದಂಥ ದನಿ. ನೀಲ್ ಯಂಗ್ ದಶಕಗಳಿಂದ ಬಳಸುತ್ತಿರುವುದು 1959ರ ಒಂದು ಟ್ವೀಡ್ ಡಿಲಕ್ಸ್. ನುಡಿಸುತ್ತಲೇ ಅದರ ನಾಬ್‌ಗಳನ್ನು ಕಾಲಿನ ಸ್ವಿಚ್ಚಿನಿಂದ ತಿರುಗಿಸಲು ಅವರು ಒಂದು ಮೋಟಾರ್ ಸಾಧನವನ್ನೇ ಮಾಡಿಸಿಕೊಂಡಿದ್ದಾರೆ. ಅದಕ್ಕೆ ಕಾರಣ ಇದೆ. 5ಇ3ಯ ಎರಡು ವಾಲ್ಯೂಮ್‌ಗಳು ಒಂದಕ್ಕೊಂದು ತಗುಲಿಕೊಂಡಿವೆ. ಗಿಟಾರ್ ಚುಚ್ಚಲು ಎರಡು ಚಾನೆಲ್, ಅಂದರೆ ಎರಡು ದಾರಿ ಇವೆ. ನೀವು ಬಳಸದ ಚಾನೆಲ್‌ನ ನಾಬ್ ತಿರುಗಿಸಿದರೂ ಬಳಸುತ್ತಿರುವ ಚಾನೆಲ್‌ನ ದನಿ ಬದಲಾಗುತ್ತದೆ. ಆಂಪ್‌ನ ಎಲ್ಲಾ ಬಣ್ಣಗಳೂ ಆ ಎರಡು ನಾಬ್‌ಗಳ ನಡುವೆಯೇ ಅಡಗಿವೆ.

ಕೊರತೆಯೂ ಸ್ಪಷ್ಟ. ಹಂಬಕರ್ ಪಿಕಪ್ (ಜೋರು ಸಿಗ್ನಲ್ ಕೊಡುವ, ಎರಡು ಸುರುಳಿಯ ಪಿಕಪ್) ಇರುವ ಗಿಟಾರ್ ಹಾಕಿ ಜೋರು ಮಾಡಿದರೆ ಬಾಸ್ ಸಡಿಲವಾಗಿ ಕಲಸಿಹೋಗುತ್ತದೆ. ಡ್ರಮ್ಸ್ ಜೊತೆ ಕ್ಲೀನ್ ದನಿ ಬೇಕು ಅಂದರೆ ಇದು ಕೈಕೊಡುತ್ತದೆ. ರಿವರ್ಬ್ (ದೊಡ್ಡ ಕೋಣೆಯಲ್ಲಿ ನುಡಿಸಿದಂಥ ಅನುರಣನ) ಇಲ್ಲ. ಪೆಡಲ್‌ಗಳ ಸಾಲು ಇಟ್ಟುಕೊಂಡವರಿಗಿಂತ, ಗಿಟಾರ್‌ನಿಂದ ನೇರವಾಗಿ ಆಂಪ್‌ಗೆ ಕೇಬಲ್ ಚುಚ್ಚಿ ನುಡಿಸುವವರಿಗೆ ಇದು ಹೊಂದುತ್ತದೆ. ಇದಕ್ಕಿಂತ ಚಿಕ್ಕದು ಬೇಕಾದರೆ ಅದೇ ಮನೆತನದ ಚಾಂಪ್ ಇದೆ. ಒಂದೇ 6ವಿ6, 8 ಇಂಚಿನ ಸ್ಪೀಕರ್, ಸುಮಾರು 5 ವ್ಯಾಟ್.

ಬ್ಲ್ಯಾಕ್‌ಫೇಸ್

1963ರ ಹೊತ್ತಿಗೆ ಫೆಂಡರ್ ಆಂಪ್‌ಗಳ ಮುಖ ಕಪ್ಪಾಯಿತು, ಒಳಗಿನ ಯೋಚನೆಯೂ ಬದಲಾಯಿತು. ಡಿಲಕ್ಸ್ ರಿವರ್ಬ್‌ನಲ್ಲೂ ಅವೇ ಎರಡು 6ವಿ6. ಆದರೆ ವೋಲ್ಟೇಜ್ ಜಾಸ್ತಿ, ನೆಗೆಟಿವ್ ಫೀಡ್‌ಬ್ಯಾಕ್ ಇದೆ, ಡಿಸಿ ಮಾಡುವ ಟ್ಯೂಬ್ ಗಟ್ಟಿಯಾದ ಜಿಝಡ್34. ಫಲವಾಗಿ 22 ವ್ಯಾಟ್, ಮತ್ತು ಬಹಳ ದೂರದವರೆಗೆ ಕ್ಲೀನ್. ಮಿಡ್ (ನಡುವಿನ ಸ್ವರಗಳು) ಸ್ವಲ್ಪ ತಗ್ಗಿ, ಮೇಲಿನ ಸ್ವರಗಳು ಗಾಜಿನಂತೆ ಮಿನುಗುವ ದನಿ ಇದರದು. ಮಿಡ್ ನಾಬ್ ಇಲ್ಲ. ಟ್ರೆಬಲ್, ಬಾಸ್ ಅಷ್ಟೇ.

ಸ್ಪ್ರಿಂಗ್ ರಿವರ್ಬ್ ಇದರ ನಿಜವಾದ ಆಸ್ತಿ. ಪೆಟ್ಟಿಗೆಯ ತಳದಲ್ಲಿ ಒಂದು ತಗಡಿನ ಡಬ್ಬಿ, ಅದರೊಳಗೆ ಸ್ಪ್ರಿಂಗ್‌ಗಳು. ಸಿಗ್ನಲ್ ಆ ಸ್ಪ್ರಿಂಗ್‌ಗಳಲ್ಲಿ ಓಡಾಡಿ ಬರುತ್ತದೆ. ಅದರ ತೇವದಂಥ ದನಿ ಒಮ್ಮೆ ಕಿವಿಗೆ ಹತ್ತಿದರೆ ಬಿಡುವುದಿಲ್ಲ. ಜೊತೆಗೆ ಸದ್ದನ್ನು ಅಲೆಯಂತೆ ಏರಿಳಿಸುವ ಟ್ರೆಮೊಲೊ. ಹಳೆಯದರಲ್ಲಿ ಈ ಎರಡೂ ಒಂದೇ ಚಾನೆಲ್‌ಗೆ ಮಾತ್ರ ಸಿಗುತ್ತವೆ, ಅದನ್ನು ನೆನಪಿಡಿ.

ನಮ್ಮ ಕಡೆ ಗಣೇಶೋತ್ಸವ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಸಿನಿಮಾ ಹಾಡು ನುಡಿಸುವವರಿಗೆ ಈ ನಾಲ್ಕರಲ್ಲಿ ನಾನು ತೋರಿಸುವುದು ಇದನ್ನೇ. ಒಂದು ಹಾಡಿಗೆ ಕ್ಲೀನ್ ಆರ್ಪೆಜಿಯೊ (ಬಿಡಿಬಿಡಿಯಾಗಿ ಮೀಟುವ ಸ್ವರಗಳು), ಮುಂದಿನದಕ್ಕೆ ಪೆಡಲ್ ಹಾಕಿ ಸೋಲೋ, ಅದರ ಮುಂದಿನದಕ್ಕೆ ಡಿಲೇ (ಪ್ರತಿಧ್ವನಿ). ಇಂಥ ಕೆಲಸಕ್ಕೆ ಬಣ್ಣ ಕಡಿಮೆ ಹಚ್ಚುವ, ಪೆಡಲ್‌ಗಳನ್ನು ಇದ್ದಹಾಗೇ ತೋರಿಸುವ ಆಂಪ್ ಬೇಕು. ಗಿಟಾರ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುವವರಿಗೂ ಅಷ್ಟೇ. ಗಮಕದ ಎಳೆ ಎಳೆ ಕೇಳಿಸಬೇಕಾದರೆ ದನಿ ಒಡೆಯಬಾರದು.

ವಾಕ್ಸ್

ಇಂಗ್ಲೆಂಡಿನ ಡಾರ್ಟ್‌ಫರ್ಡ್‌ನಲ್ಲಿದ್ದ ಜೆನ್ನಿಂಗ್ಸ್ ಕಂಪನಿಗಾಗಿ ಡಿಕ್ ಡೆನ್ನಿ ವಿನ್ಯಾಸ ಮಾಡಿದ ವಾಕ್ಸ್ ಎಸಿ15 1958ರಲ್ಲಿ ಬಂತು. ಶ್ಯಾಡೋಸ್ ತಂಡಕ್ಕೆ ಇನ್ನೂ ಜೋರು ಬೇಕಿತ್ತು, ಹಾಗಾಗಿ ಅದರ ಮರುವರ್ಷ ಎಸಿ30 ಬಂತು. ಬೀಟಲ್ಸ್ ಇದನ್ನು ಲೋಕಕ್ಕೆಲ್ಲ ಕೇಳಿಸಿದರು. ಕ್ವೀನ್ ತಂಡದ ಬ್ರಯಾನ್ ಮೇ ಟ್ರೆಬಲ್ ಬೂಸ್ಟರ್ (ಮೇಲಿನ ಸ್ವರಗಳನ್ನು ಏರಿಸುವ ಸಾಧನ) ಹಾಕಿ ಎಸಿ30ಯಿಂದ ಹಾಡುವಂಥ ಲೀಡ್ ದನಿ ತೆಗೆದರು.

ಪವರ್ ಟ್ಯೂಬ್ ಇಎಲ್84, ಎಸಿ15ರಲ್ಲಿ ಎರಡು, ಎಸಿ30ಯಲ್ಲಿ ನಾಲ್ಕು. ಟ್ವೀಡ್ ಡಿಲಕ್ಸ್ ಹಾಗೆ ಇದರಲ್ಲೂ ನೆಗೆಟಿವ್ ಫೀಡ್‌ಬ್ಯಾಕ್ ಇಲ್ಲ. ಆದರೆ ದನಿಯ ಬಣ್ಣ ಬೇರೆ. ಟ್ವೀಡ್ ದಟ್ಟ ಮತ್ತು ಕಂದು, ವಾಕ್ಸ್ ಬಿಳಿ ಬೆಳಕು. ಆರು ತಂತಿ ಒಟ್ಟಿಗೆ ಮೀಟಿದರೂ ಪ್ರತಿ ತಂತಿ ಬೇರೆ ಬೇರೆಯಾಗಿ ಝಣಗುಟ್ಟುತ್ತದೆ. ರಿದಂ ಗಿಟಾರ್ ನುಡಿಸುವವರಿಗೆ ಇದಕ್ಕಿಂತ ಖುಷಿ ಕೊಡುವ ಆಂಪ್ ನಾನು ಕೇಳಿಲ್ಲ. ‘ಕಟ್’ ಅನ್ನುವ ನಾಬ್ ಇದೆ. ಅದು ಉಲ್ಟಾ ಕೆಲಸ ಮಾಡುತ್ತದೆ, ಏರಿಸಿದಷ್ಟೂ ಮೇಲಿನ ದನಿ ಕಡಿಮೆ. ಅಂಗಡಿಯಲ್ಲಿ ಇದು ಗೊತ್ತಿಲ್ಲದೆ ‘ಕಿವಿ ಚುಚ್ಚುತ್ತೆ’ ಅಂತ ವಾಪಸ್ ಇಡುವವರು ತುಂಬಾ ಜನ.

ಎಸಿ30 ಕಾಂಬೋ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿ ಇರುವುದು) 30 ಕೆಜಿ ದಾಟುತ್ತದೆ, ಎರಡನೇ ಮಹಡಿಗೆ ಹೊರುವವರು ಯೋಚಿಸಿ. ಎಸಿ15ರ ವ್ಯಾಟ್ ಎಸಿ30ರ ಅರ್ಧ ಅಂತ ಸದ್ದೂ ಅರ್ಧ ಅಂದುಕೊಳ್ಳಬೇಡಿ. ಹೆಚ್ಚಿನವರಿಗೆ ಅದೇ ಸರಿಯಾದ ವಾಕ್ಸ್.

ಮಾರ್ಷಲ್

ಜಿಮ್ ಮಾರ್ಷಲ್ ಲಂಡನ್‌ನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಪಾಠ ಹೇಳುತ್ತಾ, ಸಂಗೀತದ ಅಂಗಡಿ ನಡೆಸುತ್ತಿದ್ದವರು. 1962ರಲ್ಲಿ ಕೆನ್ ಬ್ರ್ಯಾನ್, ಡಡ್ಲಿ ಕ್ರೇವನ್ ಜೊತೆ ಸೇರಿ ಮಾಡಿದ ಜೆಟಿಎಂ45, ಸರ್ಕ್ಯೂಟ್ ಮಟ್ಟಿಗೆ ಫೆಂಡರ್‌ನ ಟ್ವೀಡ್ ಬಾಸ್‌ಮನ್ ಆಂಪ್‌ನ ನಕಲು ಅಂದರೆ ತಪ್ಪಲ್ಲ. ಆದರೂ ದನಿ ಬೇರೆಯಾಯಿತು. ಫೆಂಡರ್ ಹಿಂಬದಿ ತೆರೆದ ಪೆಟ್ಟಿಗೆಯಲ್ಲಿ 10 ಇಂಚಿನ ನಾಲ್ಕು ಜೆನ್ಸನ್ ಸ್ಪೀಕರ್ ಇಟ್ಟಿದ್ದರೆ, ಇವರು ಹಿಂಬದಿ ಮುಚ್ಚಿದ ಕ್ಯಾಬಿನೆಟ್‌ನಲ್ಲಿ 12 ಇಂಚಿನ ನಾಲ್ಕು ಸೆಲೆಸ್ಟಿಯನ್ ಇಟ್ಟರು. ಮೊದಲ ಟ್ಯೂಬ್ ಜಾಗದಲ್ಲಿ ಜಾಸ್ತಿ ಗೇನ್ ಇರುವ, ಅಂದರೆ ಸಿಗ್ನಲನ್ನು ಇನ್ನೂ ದೊಡ್ಡದು ಮಾಡುವ ಇಸಿಸಿ83 ಬಂತು. ಅಷ್ಟಕ್ಕೇ ಮಿಡ್ ಮುಂದೆ ನುಗ್ಗುವ ಹೊಸ ದನಿ ಹುಟ್ಟಿತು. 1966ರಲ್ಲಿ ಜಾನ್ ಮೇಯಾಲ್ ತಂಡದಲ್ಲಿ ಎರಿಕ್ ಕ್ಲಾಪ್ಟನ್ ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಕಾಂಬೋಗೆ ಹಾಕಿ ಜೋರಾಗಿ ನುಡಿಸಿದ್ದು ರಾಕ್ ಗಿಟಾರ್‌ನ ದಾರಿಯನ್ನೇ ತಿರುಗಿಸಿತು.

ಆ ಕಾಲದ 100 ವ್ಯಾಟ್ ಹೆಡ್ (ಸ್ಪೀಕರ್ ಇಲ್ಲದ ಆಂಪ್ ಪೆಟ್ಟಿಗೆ) ಈಗ ಯಾರಿಗೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅದು ಅರಳುವಷ್ಟು ಜೋರು ಮಾಡಲು ಬಿಡುವ ಜಾಗ ಎಲ್ಲಿದೆ? ಅದೇ ಸರ್ಕ್ಯೂಟನ್ನು ಎರಡು ಇಎಲ್34ರ ಮೇಲೆ 20 ವ್ಯಾಟ್‌ಗೆ ಇಳಿಸಿ, 5 ವ್ಯಾಟ್‌ಗೂ ಸ್ವಿಚ್ ಕೊಟ್ಟಿರುವ ಸ್ಟುಡಿಯೋ ವಿಂಟೇಜ್ ಇದೆ. ಅದನ್ನು ನೋಡಿ.

ವ್ಯಾಟ್ ಲೆಕ್ಕ

‘ಮನೆಗೆ 5 ವ್ಯಾಟ್ ಸಾಕು, ಪಕ್ಕದ ಮನೆಗೆ ಕೇಳಿಸಲ್ಲ’ ಅಂತ ಎಷ್ಟೋ ಜನ ಚಿಕ್ಕ ಆಂಪ್ ಕೊಳ್ಳುತ್ತಾರೆ. ಲೆಕ್ಕ ಹಾಗಿಲ್ಲ. ಕಿವಿಗೆ ಸದ್ದು ಅರ್ಧ ಆಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಇಳಿಯಬೇಕು, ಅಂದರೆ ವ್ಯಾಟ್ ಹತ್ತನೇ ಒಂದು ಭಾಗ ಆಗಬೇಕು. 30ರಿಂದ 15 ವ್ಯಾಟ್‌ಗೆ ಬಂದರೆ ಇಳಿಯುವುದು 3 ಡೆಸಿಬಲ್ ಮಾತ್ರ. 22ರಿಂದ 5ಕ್ಕೆ ಬಂದರೆ ಸುಮಾರು 6. ಗಿಟಾರ್ ಸ್ಪೀಕರ್‌ಗಳು ಬಹಳ ಸೂಕ್ಷ್ಮ. ಒಂದೇ ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 95ರಿಂದ 100 ಡೆಸಿಬಲ್ ಬರುತ್ತದೆ. ಹಾಗಾದರೆ 5 ವ್ಯಾಟ್ ಪೂರ್ತಿ ಬಿಟ್ಟರೆ 105ರ ಆಸುಪಾಸು. ಬೆಂಗಳೂರಿನ ಅಪಾರ್ಟ್‌ಮೆಂಟ್ ಗೋಡೆಗೆ ಇದು ತುಂಬಾ ಜಾಸ್ತಿ. ನಿಮ್ಮ ಕಿವಿಗೂ ಜಾಸ್ತಿ.

ಹಾಗಾಗಿ ಮಾಸ್ಟರ್ ವಾಲ್ಯೂಮ್ (ಒಟ್ಟು ಸದ್ದನ್ನು ಬೇರೆಯಾಗಿ ಇಳಿಸುವ ನಾಬ್) ಇಲ್ಲದ ಟ್ವೀಡ್ ಅಥವಾ ಬ್ಲ್ಯಾಕ್‌ಫೇಸ್ ತಗೊಂಡು ಮನೆಯಲ್ಲೇ ನುಡಿಸುವವರು ಅಟೆನ್ಯುಯೇಟರ್‌ಗೂ ದುಡ್ಡು ಎತ್ತಿಡಬೇಕು. ಆಂಪ್ ಮತ್ತು ಸ್ಪೀಕರ್ ನಡುವೆ ಕೂರುವ ಈ ಡಬ್ಬಿ ಹೆಚ್ಚಿನ ಪವರ್ ತಾನೇ ನುಂಗಿ ಬಿಸಿಯಾಗಿ ಕಳೆಯುತ್ತದೆ. ಅದರ ಓಮ್ ಆಂಪ್‌ಗೆ ಸರಿಹೊಂದಬೇಕು. ತುಂಬಾ ಇಳಿಸಿದರೆ ಸ್ಪೀಕರ್ ಅಲುಗುವ ಸುಖ ಹೋಗುತ್ತದೆ. ಸ್ವಲ್ಪ ಇಳಿಸಿದರೆ ಚೆನ್ನಾಗಿಯೇ ಇರುತ್ತದೆ.

ರಾತ್ರಿ ಹತ್ತರ ಮೇಲೆ ಮಾತ್ರ ಗಿಟಾರ್ ಮುಟ್ಟಲು ಆಗುವವರಿಗೆ ನಾನು ಟ್ಯೂಬ್ ಆಂಪ್ ಹೇಳುವುದಿಲ್ಲ. ಫೆಂಡರ್ 2019ರಲ್ಲಿ ತಂದ ಟೋನ್ ಮಾಸ್ಟರ್ ಡಿಲಕ್ಸ್ ರಿವರ್ಬ್ ನೋಡಿ. ಒಳಗೆ ಪೂರ್ತಿ ಡಿಜಿಟಲ್. ತೂಕ ಸುಮಾರು 10 ಕೆಜಿ, ಟ್ಯೂಬ್ ಆವೃತ್ತಿ ಸುಮಾರು 19 ಕೆಜಿ. 22 ವ್ಯಾಟ್‌ನಿಂದ 0.2 ವ್ಯಾಟ್‌ವರೆಗೆ ಇಳಿಸುವ ಸ್ವಿಚ್ ಇದೆ. ಕೋಣೆಯ ಸದ್ದಿಗೆ ಇಳಿಸಿದಾಗ, ಇಷ್ಟವಿಲ್ಲದ ಮಟ್ಟದಲ್ಲಿ ಓಡುವ ನಿಜವಾದ ಟ್ಯೂಬ್ ಆಂಪ್‌ಗಿಂತ ಇದೇ ಮೇಲು.

ಹಳೆಯದೇ, ಹೊಸದಾಗಿ ಮಾಡಿದ್ದೇ?

ಅಸಲಿ 1950–60ರ ಆಂಪ್ ಆಸೆ ಹುಟ್ಟಿಸುವ ವಸ್ತು. ಆದರೆ ಅದರೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿರುತ್ತವೆ, ಬದಲಿಸಲೇಬೇಕು. ಅಮೆರಿಕದ ಹಳೆ ಆಂಪ್‌ಗಳಿಗೆ ಎರಡೇ ಪಿನ್, ಅರ್ಥ್ ಇಲ್ಲ. ಮೂರು ಪಿನ್ ಹಾಕಿಸದೆ ನುಡಿಸಬೇಡಿ, ತಂತಿಯ ಮೇಲೆಯೇ ಶಾಕ್ ಬರಬಹುದು. ಸಂಗ್ರಾಹಕರಿಗೆ ಮತ್ತು ರಿಪೇರಿ ಬಲ್ಲವರಿಗೆ ಅದು ಸರಿ.

ಉಳಿದವರಿಗೆ ಎರಡು ದಾರಿ. ಕಂಪನಿಗಳೇ ಹಳೆ ಮಾದರಿಯನ್ನು ಮತ್ತೆ ಮಾಡುವ ರೀಇಷ್ಯೂಗಳು ಹೆಚ್ಚಾಗಿ ಪ್ರಿಂಟೆಡ್ ಬೋರ್ಡ್ ಮೇಲೆ ಇರುತ್ತವೆ. ಕೈಯಿಂದ ವೈರಿಂಗ್ ಮಾಡಿದವು ದುಬಾರಿ. ದನಿಯಲ್ಲಿ ಬೋರ್ಡ್‌ನಿಂದ ಆಗುವ ವ್ಯತ್ಯಾಸಕ್ಕಿಂತ ಸ್ಪೀಕರ್‌ನಿಂದ ಆಗುವ ವ್ಯತ್ಯಾಸ ದೊಡ್ಡದು ಅನ್ನುವುದು ನನ್ನ ಅನುಭವ. ಕೈ ವೈರಿಂಗ್‌ನ ಲಾಭ ರಿಪೇರಿಯಲ್ಲಿದೆ. ಇಪ್ಪತ್ತು ವರ್ಷದ ನಂತರವೂ ಒಂದೊಂದೇ ಭಾಗ ಕಿತ್ತು ಹಾಕಬಹುದು.

ನಮ್ಮ ಊರಿನ ಕರೆಂಟು, ನಮ್ಮ ಊರಿನ ರಿಪೇರಿ

ಹೊರದೇಶದಿಂದ ತರಿಸುವವರು ಮೊದಲು ಹಿಂಬದಿಯ ವೋಲ್ಟೇಜ್ ಓದಿ. ಅಮೆರಿಕದ್ದು 120 ವೋಲ್ಟ್, ನಮ್ಮದು 230. ನೇರವಾಗಿ ಚುಚ್ಚಿದರೆ ಫ್ಯೂಸ್ ಹೋಗುವುದಷ್ಟೇ ಅಲ್ಲ, ಟ್ರಾನ್ಸ್‌ಫಾರ್ಮರ್ ಕೂಡ ಸುಡಬಹುದು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ನಡೆಯುತ್ತದೆ. ಆದರೆ ಅಲ್ಲಿನ 60 ಹರ್ಟ್ಸ್‌ಗೆ ಮಾಡಿದ್ದು ಇಲ್ಲಿನ 50 ಹರ್ಟ್ಸ್‌ನಲ್ಲಿ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ. 230 ವೋಲ್ಟ್ ಆವೃತ್ತಿ ಸಿಕ್ಕರೆ ಅದೇ ವಾಸಿ. ಮನೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡಿಸಬೇಡಿ, ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತದೆ.

ರಿಪೇರಿಯ ವಿಷಯದಲ್ಲಿ ಒಂದು ವ್ಯತ್ಯಾಸ ಬಹಳ ಮುಖ್ಯ, ಹೋಲಿಕೆಗಳಲ್ಲಿ ಇದನ್ನು ಯಾರೂ ಮುಂದೆ ಇಡುವುದಿಲ್ಲ. ಟ್ವೀಡ್ ಡಿಲಕ್ಸ್ ಮತ್ತು ವಾಕ್ಸ್‌ಗಳು ಕ್ಯಾಥೋಡ್ ಬಯಾಸ್ ಆಂಪ್‌ಗಳು, ಅಂದರೆ ನುಡಿಸದೆ ಇರುವಾಗ ಪವರ್ ಟ್ಯೂಬ್‌ನಲ್ಲಿ ಹರಿಯುವ ಕರೆಂಟ್ (ಬಯಾಸ್) ತಾನಾಗಿಯೇ ಹೊಂದಿಕೊಳ್ಳುವಂಥವು. ಪವರ್ ಟ್ಯೂಬ್ ಸವೆದಾಗ ಜೋಡಿ ಹೊಂದಿಸಿದ ಹೊಸ ಟ್ಯೂಬ್ ಚುಚ್ಚಿದರೆ ಸಾಮಾನ್ಯವಾಗಿ ಸಾಕು. ಡಿಲಕ್ಸ್ ರಿವರ್ಬ್, ಮಾರ್ಷಲ್‌ಗಳು ಫಿಕ್ಸೆಡ್ ಬಯಾಸ್. ಟ್ಯೂಬ್ ಬದಲಿಸಿದಾಗ ತಿಳಿದವರು ಮೀಟರ್ ಇಟ್ಟು ಬಯಾಸ್ ಹೊಂದಿಸಬೇಕು. ಬೆಂಗಳೂರಿನಲ್ಲಿ ಅಂಥವರನ್ನು ಹುಡುಕಬಹುದು. ಶಿರಸಿಯಲ್ಲೋ ಬೀದರ್‌ನಲ್ಲೋ ಇರುವವರು ಇದನ್ನು ಯೋಚಿಸಿಯೇ ಆರಿಸಿ. ವಾಲ್ವ್ ರೇಡಿಯೋ ಕಾಲದ ಮೆಕ್ಯಾನಿಕ್ ನಿಮ್ಮ ಊರಲ್ಲಿ ಇನ್ನೂ ಇದ್ದರೆ ನೀವು ಅದೃಷ್ಟವಂತರು, ಒಳಗಿನ ಲೆಕ್ಕ ಹೆಚ್ಚು ಕಡಿಮೆ ಅದೇ.

ಹೊಸ ಟ್ಯೂಬ್‌ಗಳು ಈಗ ಬರುವುದು ಮುಖ್ಯವಾಗಿ ಸ್ಲೊವಾಕಿಯಾ, ರಷ್ಯಾ, ಚೀನಾಗಳಿಂದ. ಆದರೆ ಬೆಂಗಳೂರಿಗೂ ಈ ಕಥೆಯಲ್ಲಿ ಪಾಲಿದೆ. ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಶುರು ಮಾಡಿತು. ಬಿಇಎಲ್ ಮುದ್ರೆಯ ಇಎಲ್84, ಇಸಿಸಿ83 ವಾಲ್ವ್‌ಗಳನ್ನು ಹೊರದೇಶದ ಗಿಟಾರಿಸ್ಟ್‌ಗಳೂ ಹುಡುಕಿ ಕೊಳ್ಳುತ್ತಾರೆ. ಹಳೆ ಸ್ಟಾಕ್ ಕಣ್ಣಿಗೆ ಬಿದ್ದರೆ, ಟೆಸ್ಟರ್ ಮೇಲೆ ಅಳೆಸಿ ತಗೊಳ್ಳಿ. ನಮ್ಮೂರಿನ ವಾಲ್ವ್ ಹಾಕಿದ ವಾಕ್ಸ್ ನುಡಿಸುವುದು ಒಂದು ಬೇರೆಯೇ ಹೆಮ್ಮೆ.

ಎರಡು ಎಚ್ಚರಿಕೆ, ಯಾವ ಆಂಪ್ ಆದರೂ ಸರಿ. ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪ್ ಆನ್ ಮಾಡಿ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರುತ್ತದೆ. ಚಾಸಿಸ್ ಬಿಚ್ಚುವ ಕೆಲಸ ಗೊತ್ತಿದ್ದವರಿಗೆ ಬಿಡಿ.

ಅಂಗಡಿಗೆ ಹೋದಾಗ

ನಿಮ್ಮದೇ ಗಿಟಾರ್ ಒಯ್ಯಿರಿ. ಪೆಡಲ್ ಬೇಡ. ಆಂಪ್ ಆನ್ ಮಾಡಿ ಬಿಸಿಯಾಗಲು ಬಿಡಿ. ನೀವು ದಿನಾ ನುಡಿಸುವ ಜಾಗದಲ್ಲಿ ಎಷ್ಟು ಸದ್ದು ಸಾಧ್ಯವೋ ಅಷ್ಟಕ್ಕೆ ಮಾತ್ರ ವಾಲ್ಯೂಮ್ ಇಡಿ. ಆ ಮಟ್ಟದಲ್ಲೇ ಒಂದು ಸ್ವರವನ್ನು ಮೆಲ್ಲಗೆ, ಆಮೇಲೆ ಒತ್ತಿ ಮೀಟಿ. ದನಿ ಬದಲಾಗದೆ ಬರೀ ಜೋರಾಯಿತು ಅಂದರೆ ಆ ಆಂಪ್ ನಿಮ್ಮ ಜಾಗಕ್ಕೆ ದೊಡ್ಡದು. ಆಮೇಲೆ ಆಂಪ್ ಮುಟ್ಟದೆ ಗಿಟಾರ್‌ನ ವಾಲ್ಯೂಮ್ ಅರ್ಧಕ್ಕೆ ಇಳಿಸಿ. ಒಳ್ಳೆ ಹಳೆ ಮಾದರಿಯ ಆಂಪ್ ಅಲ್ಲಿ ತಿಳಿಯಾಗಬೇಕು, ಮಂಕಾಗಬಾರದು.

ಸೆಕೆಂಡ್ ಹ್ಯಾಂಡ್ ಆದರೆ ಇನ್ನಷ್ಟು ನೋಡಿ. ಗಿಟಾರ್ ತೆಗೆದು ವಾಲ್ಯೂಮ್ ಏರಿಸಿ, ಹಮ್ ಎಷ್ಟಿದೆ ಕೇಳಿ. ಪ್ರೀಆಂಪ್ ಟ್ಯೂಬ್‌ಗಳನ್ನು (ಮೊದಲ ಹಂತದ ಚಿಕ್ಕ ಟ್ಯೂಬ್‌ಗಳನ್ನು) ಪೆನ್ಸಿಲ್ ತುದಿಯಿಂದ ಮೆಲ್ಲಗೆ ತಟ್ಟಿ. ಸ್ಪೀಕರ್‌ನಲ್ಲಿ ಗಂಟೆಯಂತೆ ಜೋರಾಗಿ ಅನುರಣಿಸಿದರೆ ಆ ಟ್ಯೂಬ್ ಬದಲಿಸಬೇಕು, ಅದು ದೊಡ್ಡ ಖರ್ಚಲ್ಲ. ಮಲೆನಾಡು, ಕರಾವಳಿಯಲ್ಲಿ ಇದ್ದ ಆಂಪ್ ಆದರೆ ಸ್ಪೀಕರ್ ಕೋನ್ ಮತ್ತು ಬಟ್ಟೆಯಲ್ಲಿ ಬೂಷ್ಟು ಇದೆಯಾ, ಟ್ಯೂಬ್ ಸಾಕೆಟ್‌ಗಳು ಕಿಲುಬು ಹಿಡಿದಿವೆಯಾ ಹಿಂಬದಿಯಿಂದ ಟಾರ್ಚ್ ಬಿಟ್ಟು ನೋಡಿ. ಪವರ್ ಟ್ಯೂಬ್ ಕೊನೆಗೆ ಯಾವಾಗ ಹಾಕಿಸಿದ್ದು ಅಂತ ಕೇಳಿ. ನೆನಪಿಲ್ಲ ಅಂದರೆ, ಒಂದು ಜೋಡಿ ಟ್ಯೂಬ್ ಮತ್ತು ಬಯಾಸ್ ಮಾಡಿಸುವ ಖರ್ಚನ್ನು ಕಳೆದು ಬೆಲೆ ಮಾತಾಡಿ.